ನಾಲ್ಕು ಸಲ ಸತ್ತ ಕಡಲ್ಗಳ್ಳ

ಸಿನಿಮಾ ಎಂದರೆ ಊಟ ಬಿಟ್ಟು ಓಡುವ ಗಂಡ ಈ ಒಂದು ಸಿನಿಮಾಕ್ಕೆ ಮಾತ್ರ ಬರುವುದಿಲ್ಲ ಎಂದಾಗಲೇ ಅವಳ ಕಿವಿ ನೆಟ್ಟಗಾಯಿತು. ಬೀದಿಯವರೆಲ್ಲ ನೋಡಿ ಬಂದಿದ್ದರು. ನಡುಗಡಲಲ್ಲಿ ಹಡಗು, ಹಡಗಿನ ತುಂಬ ಕಳ್ಳರು, ಅವರ ನಡುವೆ ಒಬ್ಬನೇ ಹೀರೋ. ಗಂಡ ಮೊದಲು ತಲೆನೋವು ಎಂದ, ಆಮೇಲೆ ಗೋದಾಮಿನಲ್ಲಿ ಕೆಲಸ ಜಾಸ್ತಿ ಎಂದ.

ಗೋದಾಮಿನ ಮೇಲೂ ಅವಳಿಗೆ ಅನುಮಾನವಿತ್ತು. ಹಿಂದೆ ಅವನು ಸಿನಿಮಾಗಳಲ್ಲಿ ಹೀರೋಗಳ ಏಟು ತಿಂದು ಬೀಳುವ ಫೈಟರ್ ಆಗಿದ್ದ. ಮಾಳಿಗೆಯಿಂದ ಬಿದ್ದು ಪಕ್ಕೆಲುಬು ಮುರಿದಾಗ, ಇನ್ನೊಮ್ಮೆ ಅಲ್ಲೇ ಪೆಟ್ಟಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಇನ್ನು ಬೀಳುವ ಕೆಲಸ ಬೇಡವೆಂದು ಆಸ್ಪತ್ರೆಯ ಮಂಚದಲ್ಲೇ ಅವಳ ಕೈ ಹಿಡಿದು ಮಾತು ಕೊಟ್ಟು ಅವನು ಗೋದಾಮು ಸೇರಿದ್ದ. ಆದರೆ ಹೋದ ಬೇಸಿಗೆಯಲ್ಲಿ ಅವನ ಬನಿಯನ್ನಿನಿಂದ ಈಜುಕೊಳದ ವಾಸನೆ ಬರುತ್ತಿತ್ತು. ಮನೆಗೆ ಬಂದವನೇ ತಲೆ ಓರೆ ಮಾಡಿ ಕಿವಿಯ ನೀರು ಕೊಡವುತ್ತಿದ್ದ. ಈಜುಕೊಳವಿರುವ ಮನೆಯವಳು ಯಾರಿರಬಹುದೆಂದು ಅವಳು ಮನಸ್ಸಿನಲ್ಲೇ ಬೀದಿ ಬೀದಿ ಅಲೆದಿದ್ದಳು.

ನಾದಿನಿ ಬಿಡಲಿಲ್ಲ. "ಅಣ್ಣ ಬರದಿದ್ರೆ ಬೇಡ ಅತ್ತಿಗೆ, ನಾವೇ ಹೋಗೋಣ. ಅವನಿದ್ರೆ ಕಥೆ ಮೊದಲೇ ಹೇಳಿಬಿಡ್ತಾನೆ."

ದೀಪ ಆರಿದ್ದೇ ತಡ, ಅವಳು ಗಂಡನನ್ನೂ ಮರೆತಳು, ಅನುಮಾನವನ್ನೂ ಮರೆತಳು. ಅಲೆ ಎದ್ದಾಗ ಕಾಲು ಮೇಲೆಳೆದುಕೊಂಡಳು. ಕೆಂಪು ಮುಸುಕಿನ ಕಳ್ಳನೊಬ್ಬ ಹಗ್ಗ ಹಿಡಿದು ಹಡಗೇರಿ ಹೀರೋನ ಬೆನ್ನಿಗೆ ಚೂರಿ ಎತ್ತಿದ. ಹೀರೋ ತಿರುಗಿ ಒದ್ದ. ಕಳ್ಳ ಗಾಳಿಯಲ್ಲಿ ಲಾಗ ಹಾಕಿ ಕಡಲಿಗೆ ಬಿದ್ದ. ಶಿಳ್ಳೆಗಳ ನಡುವೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಸ್ವಲ್ಪ ಹೊತ್ತಿಗೆ ಕಪ್ಪು ಮುಸುಕಿನವನೊಬ್ಬ ಬಿದ್ದ. ಬೀಳುವಾಗ ಅವನ ಎಡಗೈ ಹೆಬ್ಬೆರಳು ಮುಷ್ಟಿಯೊಳಗೆ ಅಡಗಿತ್ತು. ಅವಳ ಚಪ್ಪಾಳೆ ಅರ್ಧಕ್ಕೆ ನಿಂತಿತು. ಸೂಜಿ ಚುಚ್ಚಿಸಿಕೊಳ್ಳುವಾಗ, ಹೆತ್ತ ತಾಯಿಗೆ ಸುಳ್ಳು ಹೇಳುವಾಗ, ಹೀಗೆ ಹೆಬ್ಬೆರಳನ್ನು ಬಚ್ಚಿಡುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ. ಹೋದ ಬೇಸಿಗೆಯ ಈಜುಕೊಳವೇ ಇಲ್ಲಿ ಕಡಲಾಗಿದೆಯೆಂದು ಅವಳಿಗೆ ಹೊಳೆಯಿತು. ಆಮೇಲೆ ಅವಳು ಹೀರೋನನ್ನು ನೋಡಲೇ ಇಲ್ಲ, ಕಳ್ಳರ ಕೈಗಳನ್ನೇ ನೋಡಿದಳು. ಆ ಕೆಂಪು ಮುಸುಕಿನವನೂ ಸೇರಿ, ಮುಸುಕು ಬದಲಾಯಿಸಿಕೊಂಡು ಅದೇ ಮನುಷ್ಯ ನಾಲ್ಕು ಸಲ ಸತ್ತ. ಕೊನೆಯ ಸಲ ಹಡಗಿನ ಅಂಚಿಗೆ ಪಕ್ಕೆ ತಗುಲಿಸಿಕೊಂಡೇ ನೀರಿಗೆ ಬಿದ್ದ. ನಾದಿನಿ ಶಿಳ್ಳೆ ಹಾಕಿದಳು. ತಂಗಿಗೆ ಅಣ್ಣನ ಗುರುತು ಸಿಕ್ಕಿರಲಿಲ್ಲ.

ಮನೆಗೆ ಬಂದಾಗ ಅವನು ಊಟಕ್ಕೆ ಕುಳಿತಿದ್ದ. ಹೇಗಿತ್ತು ಎಂದು ತಟ್ಟೆಯಿಂದ ತಲೆ ಎತ್ತದೆ ಕೇಳಿದ. ನಾದಿನಿ ಕಥೆಯೆಲ್ಲ ಒಪ್ಪಿಸಿ, ಎರಡನೇ ಭಾಗವೂ ಬರುತ್ತದಂತೆ ಎಂದು ಹೇಳಿ ಒಳಗೆ ಹೋದಳು.

"ಕಳ್ಳರಿಗೆ ಬರ ಬಂದಿತ್ತು ಅಂತ ಕಾಣತ್ತೆ," ಎಂದಳು ಅವಳು. "ಒಬ್ಬನನ್ನೇ ನಾಲ್ಕು ಸಲ ಸಾಯಿಸಿದ್ರು."

ಅವನು ಅಗಿಯುವುದನ್ನು ನಿಲ್ಲಿಸಿದ.

"ಮೊದಲನೇ ಸಲ ನಾನೂ ಚಪ್ಪಾಳೆ ತಟ್ಟಿದೆ."

ಅವನ ಮುಖ ತಟ್ಟನೆ ಅರಳಿತು. "ಚೆನ್ನಾಗಿ ಬಂದಿತ್ತಾ ಆ ಲಾಗ?"

ಸುಳ್ಳಿಗಿಂತ ಆ ಖುಷಿಯೇ ಅವಳನ್ನು ಹೆಚ್ಚು ಹೆದರಿಸಿತು. "ಎರಡನೇ ಭಾಗದಲ್ಲಿ ಎಷ್ಟು ಸಲ ಸಾಯ್ತೀರಿ?"

"ಸತ್ತವರನ್ನ ಮತ್ತೆ ಯಾರು ಕರೀತಾರೆ? ಮುಗೀತು. ಇನ್ನು ಹೋಗಲ್ಲ, ನಿನ್ನಾಣೆ."

ಬಲಗೈಯಲ್ಲಿ ತುತ್ತಿತ್ತು. ಎಡಗೈ ಮೇಜಿನ ಕೆಳಗಿತ್ತು.

"ಆ ಕೈ ಮೇಲಿಡಿ," ಎಂದಳು ಅವಳು.