ನಾನೂರ ಹನ್ನೆರಡು ಕ್ಲಿಕ್ಕು

ನಾನು ಕ್ಯಾಮೆರಾ ರಿಪೇರಿ ಮಾಡುವವನು. ಫೋಟೋಗ್ರಾಫರುಗಳನ್ನು ರಿಪೇರಿ ಮಾಡುವ ಸ್ಕ್ರೂಡ್ರೈವರ್ ಇನ್ನೂ ಬಂದಿಲ್ಲ. ಬಂದಿದ್ದರೆ ನಮ್ಮ ಬೀದಿಯೊಂದರಲ್ಲೇ ಮೂರು ವರ್ಷಕ್ಕಾಗುವಷ್ಟು ಕೆಲಸವಿತ್ತು.

ಒಬ್ಬ ಮಹಾಶಯ ಸೆನ್ಸರಿನ ಮೇಲಿನ ಧೂಳನ್ನು ಬಾಯಿಂದ ಉಫ್ ಎಂದು ಊದಿ, ಎಂಜಲು ಹಾರಿಸಿ, ತಪ್ಪೆಲ್ಲ ಕಂಪನಿಯದ್ದು ಎನ್ನುತ್ತ ಬರುತ್ತಾನೆ. ಇನ್ನೊಬ್ಬ ಲೆನ್ಸನ್ನು ಒದ್ದೆ ಕಾಲುಚೀಲದ ಜೊತೆ ಕಪಾಟಿನಲ್ಲಿಟ್ಟು, ಬೂಷ್ಟು ಬೆಳೆಸಿ ತರುತ್ತಾನೆ. ಬೆಟ್ಟ, ಹೊಳೆ, ಮೋಡಗಳ ಹಿಂದೆ ಬಿದ್ದವರದಂತೂ ಬೇರೆಯದೇ ಅವತಾರ. ಅವರಿಗೆ ನೀರು ನೀರಿನ ಹಾಗೆ ಕಂಡರೆ ಅವಮಾನ. ಷಟರನ್ನು ಅರ್ಧ ನಿಮಿಷ ತೆರೆದಿಟ್ಟು, ಹರಿಯುವ ಹೊಳೆಯನ್ನು ಹಾಲು ಮಾಡಲೇಬೇಕು. ಅದಕ್ಕೊಂದು ಕಪ್ಪು ಗಾಜಿನ ಫಿಲ್ಟರು, ಆ ಫಿಲ್ಟರಿಗೊಂದು ಚೀಲ, ಚೀಲ ಹೊರುವುದಕ್ಕೆ ಸೊಂಟದ ಪಟ್ಟಿ, ಕೊನೆಗೆ ಆ ಸೊಂಟಕ್ಕೆ ಮುಲಾಮು. ಇವರನ್ನೆಲ್ಲ ನಗುನಗುತ್ತ ಮಾತಾಡಿಸಿ ಕಳಿಸುವ ತಾಳ್ಮೆ ನನಗಿಲ್ಲ.

ಇವರೆಲ್ಲರಿಗೂ ಒಬ್ಬ ಮೇಷ್ಟ್ರಿದ್ದಾರೆ. ನಾನು ಅವರಿಗಿಟ್ಟ ಹೆಸರು ಎಂಬತ್ತೈದು. ಮುಖದ ಚಿತ್ರ ತೆಗೆಯಲು ಎಂಬತ್ತೈದು ಮಿಲಿಮೀಟರಿನ ಲೆನ್ಸೇ ಆಗಬೇಕು, ಹಿನ್ನೆಲೆ ಬೆಣ್ಣೆಯ ಹಾಗೆ ಕರಗಬೇಕು ಎನ್ನುವುದು ಅವರ ಜಪ. ಪ್ರತಿ ಭಾನುವಾರ ಬೆಳಿಗ್ಗೆ ಒಂದು ಸಭಾಂಗಣದಲ್ಲಿ ಮೂವತ್ತು ಜನಕ್ಕೆ ಪಾಠ ಹೇಳುತ್ತಾರೆ. ಹದಿನಾರು ಜೇಬಿನ ಕೋಟು, ಗಾಲಿ ಇರುವ ಪೆಟ್ಟಿಗೆ, ಹಕ್ಕಿಯ ಕಾಲಿನಷ್ಟು ಹಗುರವಾದ ಟ್ರೈಪಾಡು. ಆ ಮೂವತ್ತರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮೂರು ವರ್ಷದ ಹಿಂದೆ ಅವಳಿಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಗಿರಾಕಿಯೊಬ್ಬ ಕೊಟ್ಟು ಮರೆತೇಬಿಟ್ಟಿದ್ದ ಹಳೆಯ ಡಬ್ಬ ಕ್ಯಾಮೆರಾವೊಂದು ಅಂಗಡಿಯಲ್ಲಿತ್ತು; ಕ್ಯಾಮೆರಾ ಕೊಂಡಾಗ ಜೊತೆಗೇ ಬರುವ ಸಾಧಾರಣ ಕಿಟ್ ಲೆನ್ಸು, ಅದರ ಅಂಚಿನಲ್ಲೊಂದು ಗೀರು. "ತಗೋ, ಹಾಳಾದ್ರೂ ಚಿಂತೆಯಿಲ್ಲ" ಎಂದು ಕೊಟ್ಟೆ. ಅವಳು ಅದನ್ನು ಬಿಡಲೇ ಇಲ್ಲ. ಡ್ಯೂಟಿ ಮುಗಿದ ಮೇಲೆ ಬಸ್ ಸ್ಟಾಪಿನಲ್ಲಿ, ಹಣ್ಣಿನ ಅಂಗಡಿಯೆದುರು, ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತವರನ್ನೆಲ್ಲ ಕೇಳಿ ಕೇಳಿ ತೆಗೆಯುತ್ತಿದ್ದಳು.

"ಸೂಜಿ ಚುಚ್ಚೋ ಮುಂಚೆ ಮಾತಾಡಿಸ್ತೀನಲ್ಲ, ಹಾಗೇ ರೀ. ಮಾತಾಡ್ತಾ ಮಾತಾಡ್ತಾ ಮುಖ ಸಡಿಲ ಆಗುತ್ತೆ. ಆಗ ಒತ್ತಬೇಕು," ಎನ್ನುತ್ತಿದ್ದಳು.

"ಹೌದೌದು, ನೀನು ತೆಗೆದ ರಕ್ತಾನೂ ಫ್ರೇಮ್ ಹಾಕಿಸಿಬಿಡು," ಎನ್ನುತ್ತಿದ್ದೆ ನಾನು.

ಕಳೆದ ತಿಂಗಳು ಮೇಷ್ಟ್ರು ತಮ್ಮ ಶಿಷ್ಯರ ಚಿತ್ರಗಳ ಪ್ರದರ್ಶನ ಇಡುವುದೆಂದು ಗೊತ್ತು ಮಾಡಿದರು. ತಲೆಗೊಂದು ಚಿತ್ರ. ಇವಳು ಒಯ್ದ ಚಿತ್ರವನ್ನು ನೋಡಿ, ಮೂವತ್ತು ಜನರೆದುರಿಗೇ, "ಇದು ಕಿಟ್ ಲೆನ್ಸಿನ ಹಣೆಬರಹ. ಹಿನ್ನೆಲೆ ಕರಗಿಲ್ಲ, ಮೂಗಿನ ನೆರಳು ತುಟಿಗೆ ಬಿದ್ದಿದೆ. ನೀವು ಮೊದಲು ಸರಿಯಾದ ಸಾಮಾನು ತಗೊಳ್ಳಿ, ಆಮೇಲೆ ಗೋಡೆಯ ಯೋಚನೆ ಮಾಡಿ," ಎಂದರಂತೆ. ಅವಳು ಮನೆಗೆ ಬಂದು ನನ್ನ ಹತ್ತಿರ ಇಷ್ಟನ್ನು ಹೇಳಿದಳು. ಮರುದಿನ ಅಂಗಡಿಗೆ ಹೋದರೆ, ವಾರಸುದಾರರಿಲ್ಲದ ಕ್ಯಾಮೆರಾಗಳ ಸಾಲಿನಲ್ಲಿ ಅವಳ ಕ್ಯಾಮೆರಾ ಕೂತಿತ್ತು. ಇನ್ನು ಮುಟ್ಟುವುದಿಲ್ಲ ಎಂದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು. ಚಿತ್ರ ಕೊಡಲು ಆ ಶನಿವಾರ ಕೊನೆಯ ದಿನವಾಗಿತ್ತು, ಮರುದಿನವೇ ಪ್ರದರ್ಶನ.

ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಂಡತಿಯನ್ನು ಹೀಯಾಳಿಸಲು ನಾನಿದ್ದೇನೆ, ನಡುವೆ ಇವನ್ಯಾರು?

ದೇವರಿದ್ದಾನೆ ಅನ್ನಿ, ಅದೇ ವಾರದ ಬುಧವಾರ ಎಂಬತ್ತೈದು ತಾವಾಗಿಯೇ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಸೆನ್ಸರಿನಲ್ಲಿ ಚುಕ್ಕೆಯಿದೆ, ಆಕಾಶದ ಚಿತ್ರಗಳಲ್ಲಿ ಕಾಣುತ್ತದೆ, ತೆಗೆದುಕೊಡಿ ಎಂದರು. ಐದು ವರ್ಷದ ಹಿಂದಿನ ಎಲ್ಲಕ್ಕಿಂತ ಮೇಲಿನ ಮಾಡೆಲ್ಲು. ಮೈಮೇಲೆ ಒಂದು ಗೀರಿಲ್ಲ. ಒತ್ತುವ ಗುಂಡಿಯ ಹೊಳಪು ಕೂಡ ಹೋಗಿರಲಿಲ್ಲ. ಅವರು ಹೋದ ಮೇಲೆ ಕಂಪ್ಯೂಟರಿಗೆ ಸಿಕ್ಕಿಸಿದೆ. ಕ್ಯಾಮೆರಾ ಎಂಬುದು ಎಷ್ಟು ಸಲ ಕ್ಲಿಕ್ಕಾಗಿದೆ ಎಂಬುದನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಯಜಮಾನ ಎಷ್ಟೇ ಬಡಾಯಿ ಕೊಚ್ಚಲಿ, ಅದು ಸುಳ್ಳು ಹೇಳುವುದಿಲ್ಲ.

ನಾನೂರ ಹನ್ನೆರಡು!

ಐದು ವರ್ಷಕ್ಕೆ ನಾನೂರ ಹನ್ನೆರಡು. ಮದುವೆ ಮನೆಯ ಫೋಟೋಗ್ರಾಫರ್ ಊಟಕ್ಕೆ ಕೂರುವ ಮುಂಚೆ ಅದಕ್ಕಿಂತ ಹೆಚ್ಚು ಒತ್ತಿರುತ್ತಾನೆ. ಕೈ ತಡೆಯದೆ ಕಪಾಟಿನಿಂದ ಅವಳ ಡಬ್ಬವನ್ನೂ ಇಳಿಸಿ ಸಿಕ್ಕಿಸಿದೆ. ನಲವತ್ತೊಂದು ಸಾವಿರ ಚಿಲ್ಲರೆ. ಅದು ಗಿರಾಕಿಯಿಂದ ಬಂದಾಗ ಎರಡು ಸಾವಿರವೂ ಇರಲಿಲ್ಲ ಎಂಬುದು ನನ್ನ ಪುಸ್ತಕದಲ್ಲೇ ಇತ್ತು. ಖುಷಿಗೆ ಎರಡು ಲೋಟ ಚಹಾ ಕುಡಿದೆ.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಬಂದಾಗ ಆ ನಾನೂರ ಹನ್ನೆರಡನ್ನು ಚೀಟಿಯಲ್ಲಿ ಬರೆದು ಮುಂದಿಟ್ಟೆ.

"ಇದೇನು?"

"ನೀವು ಇಷ್ಟು ವರ್ಷದಲ್ಲಿ ತೆಗೆದಿರೋ ಫೋಟೋ, ಮೇಷ್ಟ್ರೇ. ಒಟ್ಟು."

ಅವರ ಕಿವಿ ಕೆಂಪಾಯಿತು. "ನಾನು ಸಿಕ್ಕಸಿಕ್ಕಿದ್ದಕ್ಕೆಲ್ಲ ಒತ್ತೋನಲ್ಲ. ಬೆಳಕಿಗೆ ಕಾಯೋನು."

"ಐದು ವರ್ಷದಿಂದ ಕತ್ತಲೆಯಾ ನಿಮ್ಮನೇಲಿ? ನನ್ನ ಹೆಂಡತಿ ಚಿತ್ರ ನಾಳೆ ಬರುತ್ತೆ. ಗೋಡೆಗೆ ಹಾಕ್ತೀರಿ. ಇಲ್ಲ ಅಂದ್ರೆ ಈ ಚೀಟೀನ ಭಾನುವಾರ ನಾನೇ ತಂದು ಹಾಕ್ತೀನಿ."

ಅವರು ಪೆಟ್ಟಿಗೆ ಉರುಳಿಸಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, "ಆ ಚಿತ್ರ ನೀವು ನೋಡಿದೀರಾ?" ಎಂದರು. ನಾನು ನೋಡಿರಲಿಲ್ಲ. ಅವಳು ತೆಗೆದ ಯಾವುದನ್ನೂ ನಾನು ನೆಟ್ಟಗೆ ನೋಡಿದವನಲ್ಲ.

ಸಂಜೆ ಬೇಗ ಅಂಗಡಿ ಮುಚ್ಚಿ, ಎರಡೂ ಕೈಯಲ್ಲಿ ಎರಡು ಕ್ಯಾಮೆರಾ ಹಿಡಿದು ಮನೆಗೆ ಹೋದೆ. ಒಂದು ಅವಳದು, ಇನ್ನೊಂದು ನನ್ನದು. ಒಂಬತ್ತು ವರ್ಷದ ಹಿಂದೆ ಆರಿಸಿ ಕೊಂಡದ್ದು, ತೇವ ತಾಗದ ಗಾಜಿನ ಪೆಟ್ಟಿಗೆಯಲ್ಲಿ ದೇವರ ಹಾಗೆ ಇಟ್ಟದ್ದು. ಅವಳು ಮುನಿಸು ಬಿಟ್ಟರೆ ಭಾನುವಾರ ಇದನ್ನೇ ಅವಳಿಗೆ ಕೊಡೋಣ ಎಂದುಕೊಂಡಿದ್ದೆ. ಅವಳು ಕಿಟಕಿಯ ಹತ್ತಿರ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ಕತೆಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿದೆ. ಅವಳು ಬಟ್ಟೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ನಿಮ್ಮದು ಎಷ್ಟಿದೆ ರೀ?"

"ನನ್ನದು ಬೇರೆ ಕಣೇ. ನಾನು ರಿಪೇರಿಯವನು."

"ಇರಲಿ, ನೋಡೋಣ."

ಅವಳೇ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟಳು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಮೂವತ್ತೇಳು. ಒಂದೂ ಅಳಿಸಿರಲಿಲ್ಲವಾದ್ದರಿಂದ ಮೂವತ್ತೇಳನ್ನೂ ಅವಳು ಒಂದೊಂದಾಗಿ ನೋಡಿದಳು. ಫೋಕಸ್ ಪರೀಕ್ಷೆಗೆ ಗೋಡೆಗಂಟಿಸಿದ ಪತ್ರಿಕೆಯ ಹಾಳೆ. ಸ್ಕೇಲು. ಧೂಳಿನ ಚುಕ್ಕೆ ಹುಡುಕಲು ತೆಗೆದ ಬರೀ ಆಕಾಶ. ಮತ್ತೆ ಪತ್ರಿಕೆಯ ಹಾಳೆ.

"ಮದುವೆಯಾಗಿ ಇಪ್ಪತ್ತಾರು ವರ್ಷ," ಎಂದಳು. "ಒಂದರಲ್ಲೂ ನಾನಿಲ್ಲ."

ನನ್ನ ಕ್ಯಾಮೆರಾದ ವೈರು ಕಿತ್ತೆ. "ನಿನ್ನ ಚಿತ್ರ ತೋರಿಸು," ಎಂದೆ.

ಅವಳು ತೋರಿಸಿದಳು. ಅದು ನಾನು. ಅಂಗಡಿಯ ಮೇಜಿನ ಹಿಂದೆ ಕೂತು, ಬಿಚ್ಚಿದ ಲೆನ್ಸಿನಿಂದ ತಲೆಯೆತ್ತಿ ನೋಡುತ್ತಿದ್ದೇನೆ. ಒಂದು ಹುಬ್ಬು ಮೇಲೆ, ತುಟಿಯ ಎಡತುದಿ ಮೇಲೆ. ಎದುರಿರುವುದು ಮೂರು ಕಾಸಿಗೂ ಬಾಳುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ ಮುಖ. ಅಭ್ಯಾಸಬಲದಿಂದ, ಫೋಕಸ್ ಸರಿಯಿದೆಯೇ ಎಂದು ಚಿತ್ರದಲ್ಲಿನ ಕಣ್ಣನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಣ್ಣಿನ ಪಾಪೆಯಲ್ಲಿ ಅಂಗಡಿ ಬಾಗಿಲಿನ ಬೆಳಕಿನ ಚೌಕ. ಆ ಚೌಕದ ನಡುವೆ, ಕ್ಯಾಮೆರಾ ಹಿಡಿದು ಎರಡೂ ಮೊಣಕೈ ಎತ್ತಿ ನಿಂತ ಪುಟ್ಟ ಆಕೃತಿ.

"ಇದು ಯಾವತ್ತು ತೆಗೆದದ್ದು?"

"ಕ್ಲಾಸಲ್ಲಿ ಎಲ್ರೂ ನನಗೆ ಚಪ್ಪಾಳೆ ತಟ್ಟಿದ್ರು ಅಂತ ಹೇಳೋಕೆ ಬಂದಿದ್ದೆನಲ್ಲ, ಅವತ್ತು."

ನೆನಪಾಯಿತು. ಚಪ್ಪಾಳೆ ತಟ್ಟುವುದಕ್ಕೆ ಕಣ್ಣು ಬೇಕಾಗಿಲ್ಲ ಎಂದಿದ್ದೆ. ನಾಚಿಕೆಯಾಯಿತು. ಮೇಷ್ಟ್ರು ಅವಳನ್ನು ಒಂದು ದಿನ ಹೀಯಾಳಿಸಿದ್ದರು; ನಾನು ದಿನಾ ಮಾಡುತ್ತಿದ್ದೆ.

"ಇದನ್ನ ಹಾಕಿದ್ರೆ ಊರೆಲ್ಲ ನಿಮ್ಮ ಈ ಮುಖ ನೋಡುತ್ತೆ. ನೀವು ಬೇಡ ಅಂದ್ರೆ ಬೇಡ," ಎಂದಳು.

"ಕೊಡು," ಎಂದೆ. "ನಾನೇ ಒಯ್ಯುತ್ತೀನಿ."

ಭಾನುವಾರ ಪ್ರದರ್ಶನದಲ್ಲಿ ಹಾಲಿನಂಥ ಹೊಳೆಗಳು ಹನ್ನೊಂದಿದ್ದವು. ಯಾವುದರ ಮುಂದೆಯೂ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ಮುಖದ ಮುಂದೆ ಗುಂಪಿತ್ತು. ಒಬ್ಬಳು ತನ್ನ ಗೆಳತಿಗೆ, "ಥೇಟ್ ನಮ್ಮೆಜಮಾನ್ರು ಕಣೇ" ಎಂದಳು. ಮೇಷ್ಟ್ರು ದೂರದ ಗೋಡೆಯ ಹತ್ತಿರ ಬೆಳಕಿಗೆ ಕಾಯುತ್ತ ನಿಂತಿದ್ದರು.

ನಾನು ನನ್ನ ಕ್ಯಾಮೆರಾ ತೆಗೆದು, ಹೆಂಡತಿಯನ್ನು ಅವಳ ಚಿತ್ರದ ಪಕ್ಕ ನಿಲ್ಲಿಸಿದೆ. ಎಲ್ಲವನ್ನೂ ಬಲ್ಲವನು ನಾನು. ಬೆಳಕು ಅಳೆದೆ, ಷಟರಿನ ವೇಗ ಗೊತ್ತು ಮಾಡಿದೆ, ಉಸಿರು ಹಿಡಿದು ಒತ್ತಿದೆ. ಮೂವತ್ತೆಂಟು. ಅವಳು ಬಂದು ಪರದೆಯಲ್ಲಿ ನೋಡಿದಳು. ಕೈ ನಡುಗಿ ಮುಖವೆಲ್ಲ ಕಲಸಿಹೋಗಿತ್ತು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಹುಬ್ಬು ಮೇಲೆ, ತುಟಿಯ ಎಡತುದಿ ಮೇಲೆ. ಗೋಡೆಯ ಮೇಲಿನ ಅದೇ ಮುಖ. ಎದುರಿನಿಂದ ಅದು ಎಲ್ಲಿ ಚುಚ್ಚುತ್ತದೆ ಎಂಬುದು ನನಗೆ ಮೊದಲ ಸಲ ಗೊತ್ತಾಯಿತು.

"ಇನ್ನೊಂದು ತೆಗೀಲಾ?" ಎಂದು ಕೇಳಿದೆ.

"ಮೊದಲು ಮಾತಾಡ್ಸಿ," ಎಂದಳು.