ಕಂದು ಟಗರಿನ ಬೆನ್ನು

ಟಗರಿನ ಬೆನ್ನ ಮೇಲೆ ಅಂಗೈಯಗಲ ಉಣ್ಣೆ ಕತ್ತರಿಸಿ, ಕೊನೆಯ ಪಕ್ಕೆಲುಬು ತಡವಿ ನೋಡಿ, ಅವಳು ಅಲ್ಲಿಗೆ ಎಣ್ಣೆ ಸುರಿದಳು. ತಣ್ಣಗಾಯಿತೇನೋ, ಟಗರು ಮೈ ಜಾಡಿಸಿತು.

"ಸುಮ್ನಿರೋ ಮದುವೆ ಗಂಡೇ!" ಕೊಂಬು ಹಿಡಿದಿದ್ದ ಮುದುಕ ಕೊಕ್ಕೆ ಗದರಿದ. "ಸ್ಕ್ಯಾನಮ್ಮ ಪಾಸ್ ಮಾಡಿದ್ರೆ ಆಮೇಲೆ ನಿಂದೇ ದರ್ಬಾರು."

ಕುರಿ ತಳಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸ್ಕ್ಯಾನಮ್ಮ ಎಂದೇ. ಬೆನ್ನು ಬಾಗಿದ ಈ ಮುದುಕನಿಗೂ ಕೊಕ್ಕೆ ಎಂಬ ಹೆಸರೇ ಗಟ್ಟಿಯಾಗಿತ್ತು.

ಸ್ಕ್ಯಾನ್ ಯಂತ್ರದ ಹಿಡಿಯನ್ನು ಎಣ್ಣೆಯ ಮೇಲೆ ಒತ್ತಿದಳು. ಪರದೆಯಲ್ಲಿ ಕೊಬ್ಬಿನ ಬಿಳಿ ಗೆರೆ, ಅದರ ಕೆಳಗೆ ಮೊಟ್ಟೆಯಾಕಾರದ ಕಪ್ಪು ಮಾಂಸಖಂಡ. ಆ ಖಂಡದ ದಪ್ಪವನ್ನು ಮೂರು ಸಲ ಅಳೆದು ಸರಾಸರಿ ಬರೆಯಬೇಕು. ಇಪ್ಪತ್ತೆಂಟು ಮಿಲಿಮೀಟರ್ ಇದ್ದರೆ ತಳಿಗೆ, ಇಲ್ಲದಿದ್ದರೆ ಕಸಾಯಿಖಾನೆಗೆ. ರೋಗ ಹರಡೀತೆಂದು, ಒಮ್ಮೆ ಗೇಟಿನೊಳಗೆ ಬಂದ ಪ್ರಾಣಿಯನ್ನು ಮನೆಗೆ ಮರಳಿಸುತ್ತಿರಲಿಲ್ಲ.

"ಅಂದ ಹಾಗೆ, ನಿಮ್ಮಕ್ಕ ಕುರಿಗಳನ್ನೆಲ್ಲ ಕಟುಕನಿಗೆ ಕೊಟ್ಬಿಟ್ರಂತಲ್ಲ?" ಎಂದ ಕೊಕ್ಕೆ.

ಪರದೆಯ ಮೇಲಿನ ಚಿತ್ರ ಅಲುಗಿ ಮಸುಕಾಯಿತು. "ಯಾವಾಗ?"

"ಹೋದ ವಾರ. ಒಂದನ್ನೂ ಬಿಡ್ಲಿಲ್ವಂತೆ. ಆ ಕಟುಕನೇ ಪಾಪ, 'ಒಂದ್ಸಲ ಬೆನ್ನ ಮೇಲೆ ಕೈಯಿಟ್ಟು ನೋಡಿ, ಯಾವ್ದು ಉಳಿಸ್ಕೋತೀರಿ ಹೇಳ್ರಮ್ಮಾ' ಅಂದ್ನಂತೆ. 'ನನ್ ಕೈಗೇನು ಗೊತ್ತಾಗುತ್ತೆ, ಹೊಡ್ಕೊಂಡು ಹೋಗು' ಅಂದ್ರಂತೆ."

ಅವಳು ಹಿಡಿಯನ್ನು ಮತ್ತೆ ಒತ್ತಿದಳು. ಮೂರು ಸಲ ಅಳೆದಳು. ಸರಾಸರಿ ಬರೆದಳು.

ಅಕ್ಕನ ಬಳಿ ಯಂತ್ರವಿರಲಿಲ್ಲ, ಅಂಗೈ ಇತ್ತು. ಇಪ್ಪತ್ತು ವರ್ಷ ಅದೇ ಅಂಗೈಯಿಂದ ಬೆನ್ನು ಒತ್ತಿ ನೋಡಿ, ಇದು ಇರಲಿ, ಅದು ಬೇಡ ಎಂದು ಆಯ್ದು ಮಂದೆ ಕಟ್ಟಿದವಳು. ಆರು ವರ್ಷದ ಹಿಂದೆ ಒಂದು ಕಂದು ಟಗರನ್ನು ಕೇಂದ್ರಕ್ಕೆ ತಂದಿದ್ದಳು. "ಯಂತ್ರ ಏನೇ ಹೇಳ್ಲಿ, ಇದು ಇಪ್ಪತ್ತೊಂಬತ್ತು ಕಣೇ" ಎಂದು ನಕ್ಕಿದ್ದಳು.

ಅಳತೆಗಳು ಬಂದದ್ದು ಇಪ್ಪತ್ತೊಂಬತ್ತು, ಇಪ್ಪತ್ತೇಳು, ಇಪ್ಪತ್ತೊಂಬತ್ತು. ನಡುವಿನದರಲ್ಲಿ ಟಗರು ಕದಲಿತ್ತು. ಹಿಂದೆ ನಿಂತಿದ್ದ ಡಾಕ್ಟರು, "ಅಕ್ಕನ ಮನೇದಲ್ವಾ? ಧಾರಾಳವಾಗಿ ಬರೀರಮ್ಮ" ಎಂದು ನಕ್ಕರು. ಇನ್ನಿಬ್ಬರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಸರಾಸರಿ ಇಪ್ಪತ್ತೆಂಟು ದಾಟುತ್ತಿತ್ತು, ಆದರೂ ಮೂರನ್ನೂ ಕೂಡಿಸದೆ ಇಪ್ಪತ್ತೇಳು ಎಂದು ಬರೆದುಬಿಟ್ಟಳು.

ಗೇಟಿನಾಚೆ ಕಾದಿದ್ದ ಅಕ್ಕ ಅಂಕಿ ಕೇಳಿಯೂ ಜಗಳ ತೆಗೆಯಲಿಲ್ಲ. ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. "ಹಾಗಾದ್ರೆ ಇಷ್ಟು ವರ್ಷ ಆಯ್ದಿದ್ದೆಲ್ಲ ಹೀಗೇ ಇರ್ಬೇಕು, ಅಲ್ವೇನೇ?" ಎಂದು ಕೇಳಿದಳು.

ತಂಗಿ ಗೇಟಿನ ಚಿಲಕ ಹಾಕಿ ಒಳಗೆ ನಡೆದಳು.

ಮೂರು ದಿನ ಬಿಟ್ಟು ಕಸಾಯಿಖಾನೆಯಿಂದ ಚೀಟಿ ಬಂತು. ಅಲ್ಲಿ ಪಕ್ಕೆಲುಬಿನ ನಡುವೆ ಸೀಳಿ, ಮಾಂಸಕ್ಕೇ ಅಳತೆಪಟ್ಟಿ ಹಿಡಿದು ನೋಡುವುದು ರೂಢಿ. ಕಂದು ಟಗರು, ೨೯. ಅಂಕಿಯ ಕೆಳಗೆ ಅಳೆದವನು ತಮಾಷೆಗೆ ಬರೆದಿದ್ದ: ಚಾಕುವಿಗೆ ನೆಂಟರಿಲ್ಲ.

ಅಂದೇ ನಡೆದದ್ದನ್ನೆಲ್ಲ ಅಕ್ಕನಿಗೆ ಕಾಗದ ಬರೆದಳು, ಚೀಟಿಯನ್ನೂ ಒಳಗಿಟ್ಟು ಅಂಟಿಸಿದಳು. ಅಂಚೆಗೆ ಮಾತ್ರ ಹಾಕಲಿಲ್ಲ. ಮೊದಲ ವರ್ಷ ಕೆಲಸ ಹೋದೀತೆಂಬ ಹೆದರಿಕೆ. ಆಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಅಕ್ಕ ಕೇಳಿಯಾಳೆಂಬ ಹೆದರಿಕೆ. ಲಕೋಟೆ ಯಂತ್ರದ ಪೆಟ್ಟಿಗೆಯಲ್ಲಿ, ಸ್ಪಂಜಿನ ಅಡಿಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಪೆಟ್ಟಿಗೆ ತೆರೆಯುತ್ತಿದ್ದಳು, ಸಂಜೆ ಮುಚ್ಚುತ್ತಿದ್ದಳು.

"ಇದೇನಾಯ್ತು, ಪಾಸಾ?" ಕೊಕ್ಕೆ ಕೇಳಿದ.

"ಪಾಸು."

"ನೋಡ್ದೇನೋ, ನಿನ್ನ ಅದೃಷ್ಟ!" ಅವನು ಟಗರಿನ ಕತ್ತು ತಟ್ಟಿ ಬಿಟ್ಟ. "ಮುಂದಿಂದು ತರ್ಲಾ?"

"ಐದು ನಿಮಿಷ ಇರು, ಬಂದೆ."

ಸ್ಪಂಜೆತ್ತಿ ಲಕೋಟೆ ತೆಗೆದಳು. ಕೈ ಒರೆಸಿಕೊಳ್ಳುವುದು ಮರೆತಿತ್ತು. ಗೇಟು ದಾಟಿ, ರಸ್ತೆಯಾಚೆಯ ಅಂಚೆ ಡಬ್ಬಿಯ ಮುಂದೆ ನಿಂತಾಗ ನೋಡಿದಳು. ಹೆಬ್ಬೆರಳು ಒತ್ತಿದ ಕಡೆ ಎಣ್ಣೆ ಹೀರಿ ಕಾಗದ ತೆಳುವಾಗಿತ್ತು. ಅದರೊಳಗಿಂದ ಚೀಟಿಯ ಅಂಕಿ ಮಸುಕಾಗಿ ಕಾಣುತ್ತಿತ್ತು, ಪರದೆಯಲ್ಲಿ ಕಂಡಂತೆ.

ಡಬ್ಬಿಯ ಬಾಯಿಗೆ ಹಾಕಿದಳು. ತಳದಲ್ಲಿ ಬೇರೆ ಕಾಗದಗಳಿರಲಿಲ್ಲವೇನೋ, ಬಿದ್ದ ಸದ್ದು ಕೇಳಿಸಿತು.