ಬಪ್ಪ ಹಾಯಿ

ಗಂಗೊಳ್ಳಿಯ ಭಜನಾ ಮಂದಿರದ ಗೋಡೆಗೆ ಹಡಗಿನ ಚಿತ್ರ ಬರೆಸುತ್ತಾರೆಂದು ಕೇಳಿದಂದಿನಿಂದ ಸರಸಜ್ಜಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಮುದ್ರಪಾಲಾದವರ ನೆನಪಿಗಾಗಿ ಬರೆಸುವ ಚಿತ್ರ. ಕೆಳಗೆ ಹೆಸರುಗಳು, ಅವುಗಳಲ್ಲಿ ಮೊದಲನೆಯದು ಅವಳ ಗಂಡ ಮುತ್ತನದು.

ಹಾಯಿ ಕಟ್ಟಿದ ಮಂಜಿಗಳು ಸರಕು ಸಾಗಿಸುತ್ತಿದ್ದ ಕಾಲದಲ್ಲಿ ಮುತ್ತ ಹಂಚು ಹೇರಿಕೊಂಡು ಕಲ್ಲಿಕೋಟೆಗೆ ಹೋಗಿದ್ದ. ಹಂಚು ಇಳಿಸಿದ್ದು, ಅಲ್ಲಿಂದ ಹೊರಟದ್ದು ಎಲ್ಲರಿಗೂ ಗೊತ್ತು. ಆಮೇಲಿನದು ಯಾರಿಗೂ ಗೊತ್ತಿಲ್ಲ. ಮಂಜಿ ಮುಳುಗಿತು ಎಂದವರು ಕೆಲವರು. ಅದನ್ನು ಮಾರಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಎಂದು ಬಾಯಿ ಚಪ್ಪರಿಸಿದವರೇ ಬಹಳ. ಹಾಗಾದರೆ ಜೊತೆಗಿದ್ದವರೂ ಬರಲಿಲ್ಲವಲ್ಲ ಎಂದರೆ ಅದಕ್ಕೂ ಅವರ ಹತ್ತಿರ ಕಥೆ ತಯಾರಿತ್ತು. ನಾಚಿಕೆಯಿಲ್ಲದ ಬಾಯಿಗಳು! ಆ ಮಾತು ಸರಸಜ್ಜಿಯನ್ನು ಮುದುಕಿಯಾದರೂ ಬಿಟ್ಟಿರಲಿಲ್ಲ.

ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಅವಳು ಮಂದಿರಕ್ಕೆ ಹೋದಳು. ಬೋಟುಗಳಿಗೆ ಹೆಸರು ಬರೆಯುವ ರತನ್ ಕ್ಯಾಲೆಂಡರಿನ ಹಡಗು ನೋಡಿಕೊಂಡು ಬಣ್ಣ ಹಚ್ಚುತ್ತಿದ್ದ. ಮೂರು ಕಂಬ, ಕಂಬಕ್ಕೆ ಅಡ್ಡಲಾಗಿ ಹೊಟ್ಟೆ ಉಬ್ಬಿಸಿಕೊಂಡ ಚೌಕದ ಹಾಯಿಗಳು.

"ಹ್ವಾಯ್ ರತನ್, ಇದ್ ಯಾರ್ ಹಡ್ಗ್ ಮಗಾ?"

"ನಿಮ್ದೇ ಅಜ್ಜಿ. ಚೆಂದ ಇತ್ತಲ್ದಾ?"

"ಚೆಂದ ಇತ್ತ್. ಈ ಹಾಯಿ ಗಾಳಿ ಬೆನ್ನಿಗಿದ್ರೆ ಹೋಪುಕೆ ಆತ್ತ್. ಕಲ್ಲಿಕೋಟೆಯಿಂದ ಎದುರುಗಾಳಿಗೆ ಬಪ್ಪುಕೆ ಆತ್ತಾ?"

ಮೆಟ್ಟಿಲ ಮೇಲೆ ಕೂತಿದ್ದ ಸಮಿತಿಯ ಅಣ್ಣಯ್ಯ ನಕ್ಕ. "ನಾಳೆ ಉದ್ಘಾಟ್ನಿ ಅಜ್ಜಿ. ಎಂತ ಹಾಯಿ ಆದ್ರೆಂತ, ಹ್ಯಾಂಗೂ ಬರ್ಲಿಲ್ಲ ಅಲ್ದಾ?"

ಅಜ್ಜಿ ಗೋಡೆ ಬಿಟ್ಟು ಅವನತ್ತ ತಿರುಗಿದಳು.

"ಬರ್ಲಿಲ್ಲ. ಆದ್ರೆ ಬಪ್ಪ ಹಾಯಿ ಕಟ್ಕಂಡೇ ಹೋದ್ದ್ ಅವ್ರ್. ಅದನ್ನ ಹೊಲಿವ ಹೊತ್ತಿಗೆ ತುದಿ ಹಿಡ್ಕಂಡದ್ದ್ ನಾನ್."

ಅಣ್ಣಯ್ಯನ ನಗು ಅಲ್ಲೇ ಇಂಗಿತು. ಅವನು ಎದ್ದು, ಚಪ್ಪಲಿ ಹುಡುಕಿಕೊಂಡು, ಗೋಡೆಯತ್ತ ನೋಡದೆ ಹೇಳಿದ: "ಅಳ್ಸ್ ಮಾರಾಯ. ಉದ್ಘಾಟ್ನಿ ತಡ ಆದ್ರೆ ಆಯ್ಲಿ."

ರತನ್ ಬಿಳಿ ಬಣ್ಣ ಬಳಿದ. ಅಜ್ಜಿ ಪಕ್ಕದಲ್ಲೇ ನಿಂತು, ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಹೋಗುತ್ತ ಹೇಳಿಸಿದಳು: ಮುಂದಕ್ಕೆ ವಾಲಿದ ಒಂದೇ ಕಂಬ, ಅದಕ್ಕೆ ಓರೆಯಾಗಿ ಕಟ್ಟಿದ ಉದ್ದದ ಮರ, ಮುಂದೆ ಗಿಡ್ಡ ಹಿಂದೆ ಉದ್ದವಾದ ಹಾಯಿ. ಹಿಂದಿನ ತುದಿಗೆ, ಮುತ್ತನ ಹಾಯಿಗಿದ್ದಂಥದೇ ಕಂದು ತೇಪೆ. ತೇಪೆ ಬಿದ್ದದ್ದೇ ತಡ, ಅವಳು ಮನೆಗೆ ಧಾವಿಸಿದಳು.

ಸೊಸೆ ಪ್ರಫುಲ್ಲಾ ನೋಡುತ್ತಾಳೆ, ಹೊತ್ತಲ್ಲದ ಹೊತ್ತಿನಲ್ಲಿ ಅತ್ತೆ ಒಲೆ ಹೊತ್ತಿಸಿ ಎಸರಿಡುತ್ತಿದ್ದಾರೆ. ದೂರದಲ್ಲಿ ತಮ್ಮವರ ಹಾಯಿ ಗುರುತು ಸಿಕ್ಕಿದೊಡನೆ ಅಕ್ಕಿ ಬೇಯಲು ಹಾಕುವುದು ಈ ಕೇರಿಯ ಹೆಂಗಸರ ಹಳೆಯ ರೂಢಿ. ಮಂಜಿ ದಡ ಮುಟ್ಟುವಷ್ಟರಲ್ಲಿ ಅನ್ನ ಆಗಿರಬೇಕು.

"ಯಾರ್ ಬತ್ರ್ ಅತ್ತೆ?"

"ಯಾರೂ ಇಲ್ಲ. ಹಾಯಿ ಕಂಡ್ತ್, ಅದ್ಕೆ" ಎಂದು ಸರಸಜ್ಜಿ ಅಕ್ಕಿ ತೊಳೆಯಲು ಕೂತಳು.